ಕಾಂಟೆಸ್ಸಾಗೆ ಬೇರೆ ಕ್ಯಾಮ್: ಶೆಡ್ಡಿನ ಕೆಲಸದ ಟಿಪ್ಪಣಿ

ಕಾರು 1993ರ ಕಾಂಟೆಸ್ಸಾ ಕ್ಲಾಸಿಕ್ 1.8 ಜಿಎಲ್‌ಎಕ್ಸ್. ವಾಕ್ಸ್‌ಹಾಲ್ ವಿಎಕ್ಸ್‌ನಿಂದ ಬಂದ ಬಾಡಿ, ಇಸುಜುವಿನ 1817 ಸಿ.ಸಿ. ಎಂಜಿನ್, ಐದು ಗೇರು, ಎಳೆತವೆಲ್ಲ ಹಿಂದಿನ ಚಕ್ರದಲ್ಲಿ. 1984ರಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಈ ಕಾರನ್ನು ಹೊರತಂದಾಗ ಇದರೊಳಗಿದ್ದದ್ದು ಅಂಬಾಸಿಡರಿನ 1489 ಸಿ.ಸಿ. ಎಂಜಿನ್. ಅಷ್ಟುದ್ದದ ಬಾನೆಟ್ಟಿನ ಕೆಳಗೆ ಅದು ಏದುಸಿರು ಬಿಡುತ್ತಿತ್ತು. ಇಸುಜು ಬಂದ ಮೇಲೆಯೇ ರೂಪಕ್ಕೆ ತಕ್ಕ ಓಟ ಸಿಕ್ಕಿತು. ಭಾರತದ ಮಸಲ್ ಕಾರ್ ಎಂದು ಇದನ್ನು ಕರೆಯುವವರಿದ್ದಾರೆ. ಎಂಟು ಸಿಲಿಂಡರಿನ ಅಮೆರಿಕನ್ ಕಾರಿನ ಪಕ್ಕ ನಿಲ್ಲಿಸಿದರೆ ನಗೆಪಾಟಲಾದೀತು, ಆದರೆ ಬದಿಯಡ್ಕ ಪೇಟೆಯಲ್ಲಿ ನಿಲ್ಲಿಸಿದರೆ ಇಂದಿಗೂ ನಾಲ್ಕು ಜನ ಸುತ್ತ ಸೇರುತ್ತಾರೆ.

ಕಳೆದ ಮಳೆಗಾಲಕ್ಕೆ ಮೊದಲೇ ವಾಲ್ವ್ ಕವರಿನೊಳಗಿನಿಂದ ಟಿಕ್ ಟಿಕ್ ಶುರುವಾಗಿತ್ತು. ಟ್ಯಾಪೆಟ್, ಅಂದರೆ ವಾಲ್ವಿನ ತುದಿಯಲ್ಲಿ ಬಿಡುವ ಸಣ್ಣ ಅಂತರ, ಸೆಟ್ ಮಾಡಿದರೆ ಒಂದು ವಾರ ಸುಮ್ಮನಿರುತ್ತಿತ್ತು, ಮತ್ತೆ ಅದೇ ರಾಗ. ಕವರ್ ತೆಗೆದು ಡಯಲ್ ಗೇಜ್ ಇಟ್ಟಾಗ ಕಾರಣ ಸಿಕ್ಕಿತು: ಮೂರನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ 8.3 ಮಿ.ಮೀ. ಮಾತ್ರ ತೆರೆಯುತ್ತಿದೆ, ಉಳಿದವು 9.2ರ ಆಸುಪಾಸಿನಲ್ಲಿವೆ. ವಾಲ್ವನ್ನು ತೆರೆಸುವ ಕ್ಯಾಮ್‌ಶಾಫ್ಟಿನ ಉಬ್ಬು, ಅಂದರೆ ಲೋಬ್, ಸವೆದಿದೆ. ಹೇಗೂ ಕ್ಯಾಮ್‌ಶಾಫ್ಟ್ ಹೊರಬರಲೇಬೇಕು, ಬಂದ ಮೇಲೆ ಹಳೆಯ ಅಳತೆಗೇ ಏಕೆ ಗ್ರೈಂಡ್ ಮಾಡಿಸಬೇಕು ಎಂಬ ಆಸೆ ಹುಟ್ಟಿದ್ದು ಅಲ್ಲಿಂದ.

ಆಗಸ್ಟ್: ಬಿಚ್ಚುವುದು

ಈ ಎಂಜಿನ್ನಿನಲ್ಲಿ ಕ್ಯಾಮ್ ಹೆಡ್ಡಿನ ಮೇಲೆಯೇ ಇದೆ, ಚೈನಿನಿಂದ ತಿರುಗುತ್ತದೆ. ಹೆಡ್ ಎತ್ತುವ ಅಗತ್ಯವಿಲ್ಲ, ಅದು ದೊಡ್ಡ ಅನುಕೂಲ. ತೊಂದರೆ ಇರುವುದು ಚೈನಿನಲ್ಲಿ. ಚೈನ್ ಕೂರುವ ಹಲ್ಲಿನ ಚಕ್ರ, ಅಂದರೆ ಸ್ಪ್ರಾಕೆಟ್, ಬಿಚ್ಚುವಾಗ ಚೈನ್ ಸಡಿಲಾದರೆ ಅದನ್ನು ಬಿಗಿಯಾಗಿಡುವ ಕೆಳಗಿನ ಟೆನ್ಷನರ್ ಹೊರಕ್ಕೆ ಜಿಗಿಯುತ್ತದೆ. ಆಮೇಲೆ ಅದನ್ನು ಒಳಗೆ ಕೂರಿಸಲು ಮುಂದಿನ ಕವರ್, ಪುಲ್ಲಿ, ರೇಡಿಯೇಟರ್ ಎಲ್ಲ ಬಿಚ್ಚಬೇಕು. ಕುಂಬಳೆಯ ಹಳೆಯ ಮೆಕ್ಯಾನಿಕ್ ಒಬ್ಬರಿದ್ದಾರೆ, ಗಲ್ಫಿನಲ್ಲಿ ಇಸುಜು ಪಿಕಪ್‌ಗಳ ಮೇಲೆ ವರ್ಷಗಟ್ಟಲೆ ಕೈ ಆಡಿಸಿದವರು. ನಾವೆಲ್ಲ ಅವರನ್ನು ಇಚ್ಚ ಎಂದೇ ಕರೆಯುವುದು. "ಮೇಲಿನಿಂದ ಉದ್ದನೆಯ ಸ್ಕ್ರೂಡ್ರೈವರ್ ಇಳಿಸಿ ಟೆನ್ಷನರಿನ ಲಾಕ್ ಒತ್ತಿ, ಶೂ ಪೂರ್ತಿ ಒಳಗೆ ಹೋದ ಮೇಲೆಯೇ ಬೋಲ್ಟ್ ಮುಟ್ಟಿ" ಎಂದು ಫೋನಿನಲ್ಲೇ ಹೇಳಿಕೊಟ್ಟರು. ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಹಾಗೆಯೇ ಮಾಡಿದೆ.

ಕ್ರಮ ಹೀಗಿತ್ತು. ಎಂಜಿನ್ನನ್ನು ನಾಲ್ಕನೇ ಸಿಲಿಂಡರ್ ಫೈರಿಂಗ್ ಸ್ಥಿತಿಗೆ ತಂದೆ. ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು ರೋಟರ್ ಎತ್ತ ತೋರಿಸುತ್ತಿದೆ ಎಂದು ಬಾಡಿಯ ಮೇಲೆ ಗೀರು ಹಾಕಿದೆ. ಟೆನ್ಷನರ್ ಲಾಕ್. ಸ್ಪ್ರಾಕೆಟ್ ಬೋಲ್ಟ್ ತೆಗೆದು, ಅದರೊಡನೆ ಬರುವ ಪೆಟ್ರೋಲ್ ಪಂಪಿನ ಚಿಕ್ಕ ಕ್ಯಾಮನ್ನು ಪಕ್ಕಕ್ಕಿಟ್ಟೆ. ಸ್ಪ್ರಾಕೆಟ್ಟನ್ನು ಚೈನಿನ ಸಮೇತ ಗೈಡ್‌ಗಳ ಮೇಲೆ ಕೂರಿಸಿ, ಎಲ್ಲಿಯಾದರೂ ಜಾರಿದರೆ ಎಂದು ಬೈಂಡಿಂಗ್ ತಂತಿಯಿಂದ ಕಟ್ಟಿದೆ. ಬಳಿಕ ರಾಕರುಗಳ (ಲೋಬಿನ ಚಲನೆಯನ್ನು ವಾಲ್ವಿಗೆ ದಾಟಿಸುವ ಸನ್ನೆಗಳು) ಬ್ರಾಕೆಟ್ ನಟ್ಟುಗಳನ್ನು ಹೊರಗಿನಿಂದ ಒಳಕ್ಕೆ ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತಾ ಬಂದೆ. ಒಂದೇ ತುದಿಯನ್ನು ಪೂರ್ತಿ ಬಿಚ್ಚಿದರೆ ಸ್ಪ್ರಿಂಗುಗಳ ಒತ್ತಡಕ್ಕೆ ಕ್ಯಾಮ್ ತುಂಡಾಗುವ ಅಪಾಯವಿದೆ. ಅದು ಚಿಲ್ಡ್ ಕಾಸ್ಟ್ ಐರನ್ (ಮೇಲ್ಪದರ ಗಟ್ಟಿಯಾಗಿಸಿದ ಎರಕದ ಕಬ್ಬಿಣ), ಬಾಗುವ ಜಾತಿಯದಲ್ಲ.

ಹೊರಬಂದ ಮೇಲೆ ಕಂಡದ್ದು: ಮೂರನೇ ಎಕ್ಸಾಸ್ಟ್ ಲೋಬಿನ ಮೂಗು ಚಪ್ಪಟೆ, ಅದರ ಮೇಲೆ ಉಗುರಿಗೆ ಸಿಗುವಷ್ಟು ಆಳದ ಗೀರುಗಳು. ಅದಕ್ಕೆ ತಾಗುವ ರಾಕರಿನ ಪ್ಯಾಡಿನಲ್ಲಿ ಅಕ್ಕಿಕಾಳಿನಷ್ಟು ಅಗಲದ ಗುಳಿ. ರಾಕರ್ ಶಾಫ್ಟಿನ ತುದಿಯ ಮುಚ್ಚಳ ತೆಗೆದು ತಂತಿ ತೂರಿಸಿದಾಗ ಗಟ್ಟಿ ಡಾಂಬರಿನಂಥ ಕಪ್ಪು ಕೆಸರು ಹೊರಬಂತು. ಮೂರನೇ ರಾಕರಿಗೆ ಎಣ್ಣೆ ಹೋಗುವ ತೂತು ಅರ್ಧ ಮುಚ್ಚಿತ್ತು. ಸವೆತದ ಮೂಲ ಇದು. ಇದನ್ನು ನೋಡದೆ ಹೊಸ ಕ್ಯಾಮ್ ಹಾಕಿದ್ದರೆ ಅದೂ ಅದೇ ಜಾಗದಲ್ಲಿ ಸಾಯುತ್ತಿತ್ತು. ಎರಡೂ ಶಾಫ್ಟುಗಳನ್ನು ಸೀಮೆಎಣ್ಣೆಯಲ್ಲಿ ರಾತ್ರಿಯಿಡೀ ನೆನೆಸಿ, ಸ್ಟೌವ್ ಪಿನ್ನಿನಿಂದ ಪ್ರತಿ ತೂತನ್ನೂ ಬಿಡಿಸಿ, ಕಂಪ್ರೆಸರ್ ಗಾಳಿ ಹೊಡೆದೆ.

ಯಾವ ಕ್ಯಾಮ್ ಎಂಬ ಲೆಕ್ಕ

ಕ್ಯಾಮ್ ಬದಲಿಸುವ ಬಗ್ಗೆ ಓದಲು ಸಿಗುವುದೆಲ್ಲ ಅಮೆರಿಕದವರು ತಮ್ಮ ವಿ8 ಎಂಜಿನ್‌ಗಳಿಗಾಗಿ ಬರೆದದ್ದು. ಅಲ್ಲಿ ಷೆವರ್ಲೆಯ 350 (ಘನ ಇಂಚು) ಎಂದರೆ 5.7 ಲೀಟರ್. ಒಂದೊಂದು ಸಿಲಿಂಡರೂ 717 ಸಿ.ಸಿ. ನಮ್ಮದು 454. ಅವರು ರಸ್ತೆಗೆ ಸೌಮ್ಯ ಎಂದು ಕರೆಯುವ ಡ್ಯುರೇಶನ್ (ವಾಲ್ವ್ ಎಷ್ಟು ಡಿಗ್ರಿ ತೆರೆದಿರುತ್ತದೆ ಎಂಬ ಅಳತೆ) ನಮ್ಮ ಎಂಜಿನ್ನಿಗೆ ರೇಸಿನ ಡ್ಯುರೇಶನ್. ದೊಡ್ಡ ಸಿಲಿಂಡರ್ ವಾಲ್ವ್ ಹೆಚ್ಚು ಹೊತ್ತು ತೆರೆದಿದ್ದರೂ ತಡೆದುಕೊಳ್ಳುತ್ತದೆ. ಚಿಕ್ಕದರಲ್ಲಿ ಅಷ್ಟೇ ಡಿಗ್ರಿ ಕೊಟ್ಟರೆ ಕೆಳಗಿನ ಎಳೆತ ಹೋಗುತ್ತದೆ, ಐಡ್ಲಿಂಗ್ ಒದ್ದಾಡುತ್ತದೆ. ಅಳೆಯುವ ಕ್ರಮವೂ ಬೇರೆ: ಅವರು 0.050 ಇಂಚು, ಅಂದರೆ 1.27 ಮಿ.ಮೀ. ಲಿಫ್ಟರ್ ಎತ್ತರದಲ್ಲಿ ಡ್ಯುರೇಶನ್ ಹೇಳುತ್ತಾರೆ. ನಮ್ಮ ಕಡೆಯ ಗ್ರೈಂಡರ್‌ಗಳು ಹೆಚ್ಚಾಗಿ 1 ಮಿ.ಮೀ. ಎನ್ನುತ್ತಾರೆ. ಎರಡು ಅಂಕಿಗಳನ್ನು ನೇರವಾಗಿ ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ನನ್ನ ಓಡಾಟ ಎಂದರೆ ನೀರ್ಚಾಲಿನಿಂದ ಕಾಸರಗೋಡು, ಕೆಲವೊಮ್ಮೆ ಪೆರ್ಲ, ಅಡ್ಕಸ್ಥಳ ದಾಟಿ ಪುತ್ತೂರು. ತಿರುವು, ಏರು, ಬಸ್ಸಿನ ಹಿಂದೆ ಎರಡನೇ ಗೇರಿನಲ್ಲಿ ತೆವಳುವುದು. ಎಂಜಿನ್ 4,500 ಆರ್‌ಪಿಎಂ ಮೇಲೆ ಹೋಗುವ ಸಂದರ್ಭ ವಾರಕ್ಕೊಮ್ಮೆ ಬಂದರೆ ಹೆಚ್ಚು. ಆದ್ದರಿಂದ ತೀರ್ಮಾನ: ಲಿಫ್ಟ್, ಅಂದರೆ ವಾಲ್ವ್ ತೆರೆಯುವ ಎತ್ತರ, ಹೆಚ್ಚಿಸುವುದು, ಡ್ಯುರೇಶನ್ ಹೆಚ್ಚು ಮುಟ್ಟುವುದಿಲ್ಲ. ವಾಲ್ವ್ ಲಿಫ್ಟ್ 9.2ರಿಂದ 10.1 ಮಿ.ಮೀ., ಡ್ಯುರೇಶನ್ ಬರೀ 8 ಡಿಗ್ರಿ ಜಾಸ್ತಿ.

ಇನ್ನೊಂದು ಕಾರಣ ಹೊಗೆ ತಪಾಸಣೆ. ಈ ಕಾಲದ ಕಾರಿಗೆ ಐಡ್ಲಿಂಗಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ. 3.0, ಹೈಡ್ರೋಕಾರ್ಬನ್ 1500 ಪಿಪಿಎಂ ಮಿತಿ. ಓವರ್‌ಲ್ಯಾಪ್, ಅಂದರೆ ಎರಡೂ ವಾಲ್ವ್ ಒಟ್ಟಿಗೆ ತೆರೆದಿರುವ ಹೊತ್ತು, ಜಾಸ್ತಿಯಾದರೆ ಉರಿಯದ ಪೆಟ್ರೋಲ್ ನೇರ ಎಕ್ಸಾಸ್ಟಿಗೆ ಹೋಗುತ್ತದೆ, ಹೈಡ್ರೋಕಾರ್ಬನ್ ಏರುತ್ತದೆ. ಕೇರಳದಲ್ಲಿ ಹಳೆಯ ಕಾರು ಇಟ್ಟುಕೊಂಡವನಿಗೆ ಆ ಚೀಟಿ ಇಲ್ಲದೆ ನಡೆಯುವುದಿಲ್ಲ.

ಸೆಪ್ಟೆಂಬರ್, ಅಕ್ಟೋಬರ್: ಗ್ರೈಂಡಿಂಗ್

ಮಂಗಳೂರಿನಲ್ಲಿ ಕ್ರ್ಯಾಂಕ್ ಗ್ರೈಂಡ್ ಮಾಡುವವರು ಬೇಕಾದಷ್ಟಿದ್ದಾರೆ, ಕ್ಯಾಮ್ ಪ್ರೊಫೈಲ್, ಅಂದರೆ ಲೋಬಿನ ಆಕಾರ, ಬದಲಿಸಿ ಗ್ರೈಂಡ್ ಮಾಡುವವರು ನನಗೆ ಸಿಗಲಿಲ್ಲ. ಕೊಯಮತ್ತೂರಿಗೇ ಹೋಗಬೇಕಾಯಿತು. ಪಿವಿಸಿ ಪೈಪಿನೊಳಗೆ ಹಳೆಯ ಲುಂಗಿ ಸುತ್ತಿ ಕ್ಯಾಮ್ ಇಟ್ಟು, ಎರಡೂ ಬದಿ ಮುಚ್ಚಳ ಹಾಕಿ, ಮಂಗಳೂರು–ಕೊಯಮತ್ತೂರು ಇಂಟರ್‌ಸಿಟಿಯಲ್ಲಿ ಒಯ್ದೆ. ಪಕ್ಕದ ಸೀಟಿನವರು ಅದು ಕೋವಿಯೇ ಎಂದು ಕೇಳಿದರು.

ರೇಸು, ರ‍್ಯಾಲಿಗಳ ಊರಾದ್ದರಿಂದ ಅಲ್ಲಿನ ಗ್ರೈಂಡರ್ ಮೊದಲು ತೋರಿಸಿದ್ದೇ ರ‍್ಯಾಲಿಯ ಪ್ರೊಫೈಲ್. ರಸ್ತೆಯ ಕಾರು, ಬ್ರೇಕ್ ಬೂಸ್ಟರಿಗೆ ವ್ಯಾಕ್ಯೂಮ್ ಬೇಕು ಎಂದು ಒತ್ತಿ ಹೇಳಿದ ಮೇಲೆ ಕಪಾಟಿನಿಂದ ಬೇರೆ ಮಾಸ್ಟರ್ (ಆಕಾರದ ಮಾದರಿ) ತೆಗೆದರು. ಲೋಬಿನ ಮೇಲೆ ಲೋಹ ಸೇರಿಸುವ ವಿಧಾನ ಅಲ್ಲ ಇದು. ಕೆಳಗಿನ ವೃತ್ತಾಕಾರದ ಭಾಗವನ್ನು, ಅಂದರೆ ಬೇಸ್ ಸರ್ಕಲನ್ನು, ಕಿರಿದು ಮಾಡಿದರೆ ಮೂಗು ತಾನಾಗಿ ಎತ್ತರವಾಗುತ್ತದೆ. ಚಿಲ್ಡ್ ಐರನ್ನಿನ ಗಟ್ಟಿ ಪದರ ಎಷ್ಟು ಆಳಕ್ಕಿದೆಯೋ ಅಷ್ಟರೊಳಗೇ ಈ ಆಟ. ಅದನ್ನು ದಾಟಿದರೆ ಮೃದು ಲೋಹ ಸಿಗುತ್ತದೆ, ಮತ್ತೆ ಲೋಬ್ ಸವೆಯುತ್ತದೆ. ಆ ಸವೆದ ಮೂರನೇ ಲೋಬಿಗೆ ಮಾತ್ರ ವೆಲ್ಡ್ ತುಂಬಿ ಗ್ರೈಂಡ್ ಮಾಡಿದರು.

ಪಾರ್ಸೆಲಿನಲ್ಲಿ ಬಂದ ಕ್ಯಾಮನ್ನು ವಿ ಬ್ಲಾಕುಗಳ ಮೇಲಿಟ್ಟು ಎಂಟೂ ಲೋಬುಗಳನ್ನು ಅಳೆದೆ. ಏಳು ಸರಿ, ವೆಲ್ಡ್ ತುಂಬಿದ ಲೋಬ್ 0.2 ಮಿ.ಮೀ. ಕಡಿಮೆ. ಬೇಸ್ ಸರ್ಕಲಿನಲ್ಲಿಯೂ 0.06 ಮಿ.ಮೀ. ಓಲಾಟ. ಬೇಸ್ ಸರ್ಕಲ್ ಓಲಾಡಿದರೆ ಟ್ಯಾಪೆಟ್ ಸೆಟ್ಟಿಂಗಿಗೆ ಅರ್ಥವೇ ಇಲ್ಲ: ಒಂದು ಕಡೆ 0.20 ಇಟ್ಟರೆ ಅರ್ಧ ಸುತ್ತು ತಿರುಗಿಸಿದಾಗ ಅದೇ 0.29 ಆಗಿರುತ್ತದೆ. ರಾಕರಿನ ಗುಣಕ ಸೇರುತ್ತದಲ್ಲ. ಫೋಟೋ ಕಳಿಸಿದೆ. ಅವರು ತಕರಾರಿಲ್ಲದೆ ವಾಪಸ್ ತರಿಸಿ ಎಲ್ಲ ಲೋಬುಗಳನ್ನೂ ಮತ್ತೆ ಗ್ರೈಂಡ್ ಮಾಡಿ, ಫಾಸ್ಫೇಟ್ ಲೇಪನ ಕೊಟ್ಟು ಕಳಿಸಿದರು. ಹಣ ಕೇಳಲಿಲ್ಲ. ಆದರೆ ಬೇಸ್ ಸರ್ಕಲ್ ಇನ್ನೂ ಕಿರಿದಾಯಿತು, ಮೂಲಕ್ಕಿಂತ ತ್ರಿಜ್ಯದಲ್ಲಿ 0.9 ಮಿ.ಮೀ. ಕಡಿಮೆ. ರಾಕರ್ ಅನುಪಾತ ನನ್ನ ಅಳತೆಯಲ್ಲಿ 1.45. ಟ್ಯಾಪೆಟ್ ಸ್ಕ್ರೂ ಸುಮಾರು 1.3 ಮಿ.ಮೀ. ಕೆಳಗಿಳಿಯಬೇಕು. ಸ್ಕ್ರೂವಿನಲ್ಲಿ ಅಷ್ಟು ಉದ್ದ ಉಳಿದಿತ್ತು, ಬಚಾವ್.

ಎಂಟು ರಾಕರುಗಳ ಪ್ಯಾಡುಗಳನ್ನೂ ಅಲ್ಲಿಯೇ ಮೂಲ ವಕ್ರತೆಗೆ ಗ್ರೈಂಡ್ ಮಾಡಿಸಿದೆ. ಹೊಸ ಲೋಬಿನ ಮೇಲೆ ಹಳೆಯ ಗುಳಿಬಿದ್ದ ಪ್ಯಾಡ್ ಕೂರಿಸುವುದು ಹಣ ಸುಡುವ ಕೆಲಸ.

ನವೆಂಬರ್: ಜೋಡಣೆ

ಈ ಹೊತ್ತಿಗೆ ಅಂಗಳದಲ್ಲಿ ಅಡಿಕೆ ಹರಡಿಯಾಗಿತ್ತು. ಕಾರು ಹೊರಗೆ ತೆಗೆಯುವ ಮಾತೇ ಇಲ್ಲ, ಎಲ್ಲ ಕೆಲಸ ಶೆಡ್ಡಿನೊಳಗೆ.

ಮೊದಲು ವಾಲ್ವ್ ಸೀಲುಗಳು. ಹೆಡ್ ಎತ್ತದೆ ಸ್ಪ್ರಿಂಗ್ ಬಿಚ್ಚಿದರೆ ವಾಲ್ವ್ ಸಿಲಿಂಡರಿನೊಳಗೆ ಬೀಳುತ್ತದೆ ಎಂದು ಹೆದರುವವರಿಗೆ: ಕ್ರ್ಯಾಂಕ್ ಈಗ ಒಂದು ಮತ್ತು ನಾಲ್ಕನೇ ಪಿಸ್ಟನ್ ಮೇಲಿರುವ ಸ್ಥಿತಿಯಲ್ಲಿದೆ. ಆ ಎರಡರಲ್ಲಿ ವಾಲ್ವ್ ಕೆಲವು ಮಿಲಿಮೀಟರ್ ಇಳಿದು ಪಿಸ್ಟನ್ ಮೇಲೆ ನಿಲ್ಲುತ್ತದೆ. ಎರಡು ಮತ್ತು ಮೂರನೆಯದರಲ್ಲಿ ಪಿಸ್ಟನ್ ತೀರಾ ತಳದಲ್ಲಿದೆ. ಪ್ಲಗ್ ತೂತಿನಿಂದ ಕಂಪ್ರೆಸರ್ ಗಾಳಿ ಕೊಟ್ಟರೆ ವಾಲ್ವ್ ಮೇಲೆಯೇ ಅಂಟಿಕೊಳ್ಳುತ್ತದೆ. ತಳದಲ್ಲಿರುವ ಪಿಸ್ಟನ್ನಿಗೆ ಇನ್ನೆಲ್ಲಿಗೂ ಹೋಗಲು ಇಲ್ಲವಾದ್ದರಿಂದ ಕ್ರ್ಯಾಂಕ್ ತಿರುಗುವುದೂ ಇಲ್ಲ.

ಸ್ಪ್ರಿಂಗ್ ಅಳತೆ: ಕೂತ ಎತ್ತರ 40.0 ಮಿ.ಮೀ., ಸುರುಳಿಗಳು ಒಂದಕ್ಕೊಂದು ತಾಗುವ ಎತ್ತರ 27.2. ಹತ್ತು ಮಿಲಿಮೀಟರ್ ಚಿಲ್ಲರೆ ಲಿಫ್ಟಿನಲ್ಲಿ 2.7 ಮಿ.ಮೀ. ಜಾಗ ಉಳಿಯುತ್ತದೆ. ಹಳೆಯ ಸ್ಪ್ರಿಂಗುಗಳೇ ಸಾಕು.

ಪಿಸ್ಟನ್ನಿಗೆ ವಾಲ್ವ್ ತಾಗುತ್ತದೆಯೇ ಎಂದು ನೋಡಲು ಒಂದನೇ ಸಿಲಿಂಡರಿಗೆ ಮಾತ್ರ ತೆಳು ಸ್ಪ್ರಿಂಗ್ ಹಾಕಿ, ಕ್ಯಾಮ್ ಮತ್ತು ರಾಕರುಗಳನ್ನು ತಾತ್ಕಾಲಿಕವಾಗಿ ಕೂರಿಸಿದೆ. ಎರಡೂ ವಾಲ್ವ್ ಸ್ವಲ್ಪ ಸ್ವಲ್ಪ ತೆರೆದಿರುವ ಹೊತ್ತಿನಲ್ಲಿ, ಪಿಸ್ಟನ್ ತುದಿ ದಾಟಿ 10 ಡಿಗ್ರಿಯಲ್ಲಿ ಇನ್ಲೆಟ್ ವಾಲ್ವನ್ನು ಕೈಯಿಂದ ಒತ್ತಿದರೆ 3.4 ಮಿ.ಮೀ. ಇಳಿದು ತಾಗಿತು. ತುದಿಗೆ 10 ಡಿಗ್ರಿ ಮೊದಲು ಎಕ್ಸಾಸ್ಟ್ 3.9. ಇನ್ಲೆಟ್ಟಿಗೆ 2, ಎಕ್ಸಾಸ್ಟಿಗೆ 2.5 ಇದ್ದರೆ ಸಾಕೆಂಬುದು ರೂಢಿ.

ಹೆಚ್ಚು ಹೊತ್ತು ಹಿಡಿದ ಕೆಲಸ ಟೈಮಿಂಗ್. ಸ್ಪ್ರಾಕೆಟ್ಟಿನ ಗುರುತು ನೋಡಿ ಕೂರಿಸಿ ಮುಗಿಸುವವರೇ ಹೆಚ್ಚು. ಹಾಗೆ ಮಾಡಿದರೆ ಕೊಟ್ಟ ದುಡ್ಡಿನ ಅರ್ಧ ನೀರಿಗೆ ಎಂದು ಈಗ ಗಟ್ಟಿಯಾಗಿ ಹೇಳುತ್ತೇನೆ. 360 ಡಿಗ್ರಿಯ ವೃತ್ತವನ್ನು ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡದಾಗಿ ಮುದ್ರಿಸಿ, ಪೇಂಟ್ ಡಬ್ಬದ ಮುಚ್ಚಳಕ್ಕೆ ಅಂಟಿಸಿ ಕ್ರ್ಯಾಂಕ್ ಪುಲ್ಲಿಗೆ ಬಿಗಿದೆ. ಹಳೆಯ ಸ್ಪಾರ್ಕ್ ಪ್ಲಗ್ಗಿನ ಪಿಂಗಾಣಿ ಒಡೆದು ಒಳಗೆ ಬೋಲ್ಟ್ ವೆಲ್ಡ್ ಮಾಡಿಸಿ ಪಿಸ್ಟನ್ನಿಗೆ ತಡೆ ಮಾಡಿಕೊಂಡೆ. ಎಂಜಿನ್ನನ್ನು ಕೈಯಿಂದ ಒಂದು ಕಡೆ ತಿರುಗಿಸಿದಾಗ ಪಿಸ್ಟನ್ 37 ಡಿಗ್ರಿಯಲ್ಲಿ ತಡೆಗೆ ತಾಗಿತು, ಇನ್ನೊಂದು ಕಡೆ 43ರಲ್ಲಿ. ಅಂದರೆ ನಿಜವಾದ ಟಾಪ್ ಡೆಡ್ ಸೆಂಟರ್, ಪಿಸ್ಟನ್ ತೀರಾ ಮೇಲಿರುವ ಸ್ಥಾನ, ನನ್ನ ಸೂಜಿಯಿಂದ 3 ಡಿಗ್ರಿ ಆಚೆ. ಸೂಜಿ ಸರಿಸಿ ಎರಡೂ ಕಡೆ 40 ಮಾಡಿದೆ. ತಡೆಯನ್ನು ತೆಗೆದು ಇನ್ಲೆಟ್ ವಾಲ್ವಿನ ರಿಟೈನರ್ ಮೇಲೆ ಡಯಲ್ ಗೇಜ್ ಇಟ್ಟೆ. ಪೂರ್ಣ ಲಿಫ್ಟಿಗೆ 1 ಮಿ.ಮೀ. ಮೊದಲು ಒಂದು ಓದು, ದಾಟಿ 1 ಮಿ.ಮೀ. ಇಳಿದಾಗ ಇನ್ನೊಂದು: 84 ಮತ್ತು 144. ನಡುವಿನದು 114, ಅಂದರೆ ಟಾಪ್ ಡೆಡ್ ಸೆಂಟರ್ ದಾಟಿ ಅಷ್ಟು ಡಿಗ್ರಿಗೆ ಇನ್ಲೆಟ್ ಪೂರ್ತಿ ತೆರೆಯುತ್ತದೆ. ಗ್ರೈಂಡರ್ ಕೊಟ್ಟ ಕಾರ್ಡಿನಲ್ಲಿ ಇದ್ದದ್ದು 108.

ಆರು ಡಿಗ್ರಿ ತಡ. ಹಳೆಯ ಚೈನ್ ಉದ್ದವಾದಂತೆ ಕ್ಯಾಮ್ ಹಿಂದೆ ಬೀಳುತ್ತದೆ, ಗ್ರೈಂಡಿಂಗಿನಲ್ಲಿಯೂ ಒಂದೆರಡು ಡಿಗ್ರಿ ವ್ಯತ್ಯಾಸ ಇದ್ದೇ ಇರುತ್ತದೆ. ತಡವಾದ ಕ್ಯಾಮ್ ಕೆಳಗಿನ ಎಳೆತವನ್ನು ಕದ್ದು ಮೇಲಿನ ಆರ್‌ಪಿಎಂಗೆ ಕೊಡುತ್ತದೆ, ನನಗೆ ಬೇಕಾದದ್ದಕ್ಕೆ ನೇರ ಉಲ್ಟಾ. ಚೈನನ್ನು ಒಂದು ಹಲ್ಲು ದಾಟಿಸಿದರೆ ಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚು ತಿರುಗುತ್ತದೆ. ಹಾಗಾಗಿ ಉಳಿದ ದಾರಿ ಸ್ಪ್ರಾಕೆಟ್ ಕೂರುವ ಡೋವೆಲ್ ಪಿನ್ನನ್ನೇ ಓರೆ ಮಾಡುವುದು. ಕ್ರ್ಯಾಂಕಿನ 6 ಡಿಗ್ರಿ ಎಂದರೆ ಕ್ಯಾಮಿನಲ್ಲಿ 3. ಪಿನ್ ಕ್ಯಾಮಿನ ಮಧ್ಯದಿಂದ 15 ಮಿ.ಮೀ. ದೂರದಲ್ಲಿದೆ. 3 ಡಿಗ್ರಿಗೆ 0.79 ಮಿ.ಮೀ. ಪುತ್ತೂರಿನಲ್ಲಿ ಲೇತ್ ಇಟ್ಟಿರುವ ಭಾವನ ಹತ್ತಿರ ಅರ್ಧ ಭಾಗ ನೇರ, ಅರ್ಧ ಭಾಗ 0.8 ಸರಿದ ಪಿನ್ ತಿರುಗಿಸಲು ಹೇಳಿದೆ. "ಇಷ್ಟು ಚಿಕ್ಕದಕ್ಕೆ ಇಷ್ಟು ದೂರ ಬಂದೆಯಾ ಭಾವ?" ಎಂದು ನಕ್ಕರೂ ಮೈಕ್ರೋಮೀಟರ್ ಹಿಡಿದೇ ಮಾಡಿಕೊಟ್ಟ. ಕೂರಿಸಿ ಮತ್ತೆ ಅಳೆದರೆ 108ಕ್ಕೆ ಅರ್ಧ ಡಿಗ್ರಿ ಆಚೀಚೆ.

ಟ್ಯಾಪೆಟ್ ಅಂತರ ಕಂಪನಿಯದು ತಣ್ಣಗಿರುವಾಗ ಇನ್ಲೆಟ್ 0.15, ಎಕ್ಸಾಸ್ಟ್ 0.25 ಮಿ.ಮೀ. ಈ ಕ್ಯಾಮಿಗೆ ಆ ಅಂಕಿ ಹಿಡಿಯಬಾರದು. ಲೋಬಿನ ಏರುವ ಇಳಿಜಾರು ಬೇರೆಯಾದ್ದರಿಂದ ಕಾರ್ಡಿನಲ್ಲಿದ್ದ 0.20, 0.30 ಇಟ್ಟೆ. ಪ್ಯಾಡುಗಳಿಗೆ ಮಾರ್ಕರ್ ಶಾಯಿ ಬಳಿದು ಎಂಜಿನ್ ಕೈಯಿಂದ ತಿರುಗಿಸಿ ನೋಡಿದಾಗ ಉಜ್ಜಿದ ಗುರುತು ಪ್ಯಾಡಿನ ಅಂಚು ತಲುಪಿರಲಿಲ್ಲ.

ಮೊದಲ ಸ್ಟಾರ್ಟ್

ಲೋಬುಗಳಿಗೂ ಪ್ಯಾಡುಗಳಿಗೂ ಮಾಲಿಬ್ಡಿನಂ ಪೇಸ್ಟ್. ಎಣ್ಣೆ 15ಡಬ್ಲ್ಯೂ-40, ಸಿಐ-4 ದರ್ಜೆಯ ಡೀಸೆಲ್ ಎಂಜಿನ್ ಎಣ್ಣೆ. ಹೊಸ ಪೆಟ್ರೋಲ್ ಕಾರುಗಳ 5ಡಬ್ಲ್ಯೂ-30ಯಂಥ ತೆಳು ಎಣ್ಣೆಯಲ್ಲಿ ರಂಜಕವನ್ನು ಶೇ. 0.08ಕ್ಕೆ ಮಿತಗೊಳಿಸಿದ್ದಾರೆ, ಕೆಟಲಿಟಿಕ್ ಕನ್ವರ್ಟರ್ ಉಳಿಸಲು. ಉಜ್ಜಿಕೊಂಡು ತಿರುಗುವ ಇಂಥ ಕ್ಯಾಮಿಗೆ ಸತು, ರಂಜಕ ಹೆಚ್ಚಿರುವ ಎಣ್ಣೆಯೇ ಕ್ಷೇಮ. ಪ್ಲಗ್ ತೆಗೆದು, ಎಣ್ಣೆಯ ದೀಪ ಆರುವ ತನಕ ಸ್ಟಾರ್ಟರ್ ತಿರುಗಿಸಿ, ರಾಕರುಗಳ ಮೇಲೆ ಎಣ್ಣೆ ಬರುವುದನ್ನು ಕಣ್ಣಾರೆ ನೋಡಿಕೊಂಡೆ.

ಹೊಸ ಲೋಬುಗಳಿರುವ ಎಂಜಿನ್ನನ್ನು ಮೊದಲ ಸಲ ಐಡ್ಲಿಂಗಿಗೆ ಬಿಡಲೇಬಾರದು. ಹಿಡಿದ ಕೂಡಲೇ 2,000ಕ್ಕೆ ಏರಿಸಿ, 2,000ದಿಂದ 2,500ರ ನಡುವೆ ಏರಿಸುತ್ತ ಇಳಿಸುತ್ತ 20 ನಿಮಿಷ. ನಿಧಾನ ವೇಗದಲ್ಲಿ ಲೋಬಿನ ಮೂಗಿನ ಮೇಲೆ ಒತ್ತಡ ಜಾಸ್ತಿ, ಚಿಮ್ಮುವ ಎಣ್ಣೆ ಕಡಿಮೆ. ನಿಂತ ಕಾರಿನಲ್ಲಿ, ತಗಡಿನ ಶೆಡ್ಡಿನೊಳಗೆ, ನಮ್ಮ ಸೆಕೆಯಲ್ಲಿ 20 ನಿಮಿಷ! ಸೈಲೆನ್ಸರಿಗೆ ಹಳೆಯ ಕಬ್ಬಿಣದ ಪೈಪು ಜೋಡಿಸಿ ಹೊಗೆಯನ್ನು ಅಡಿಕೆ ಇಲ್ಲದ ಹಿಂಬದಿಗೆ ಬಿಟ್ಟೆ, ಎರಡೂ ಬಾಗಿಲು ತೆರೆದಿಟ್ಟೆ, ರೇಡಿಯೇಟರ್ ಮುಂದೆ ಪೆಡೆಸ್ಟಲ್ ಫ್ಯಾನ್. ಹನ್ನೆರಡನೇ ನಿಮಿಷಕ್ಕೆ ಸೂಜಿ ಕೆಂಪಿನ ಹತ್ತಿರ ಬಂತು. ತೋಟದ ಸ್ಪ್ರಿಂಕ್ಲರ್ ಪೈಪಿನಿಂದ ರೇಡಿಯೇಟರಿನ ಜಾಲರಿಗೆ ನೀರು ಹನಿಸುತ್ತ ಉಳಿದ ನಿಮಿಷಗಳನ್ನು ದಾಟಿಸಿದೆವು. ನಿಲ್ಲಿಸಿ ಬಿಸಿ ಎಣ್ಣೆ ಇಳಿಸಿ, ಫಿಲ್ಟರ್ ಕತ್ತರಿಸಿ ಮ್ಯಾಗ್ನೆಟ್ ಆಡಿಸಿದೆ. ಬೂದುಬಣ್ಣದ ತೆಳು ಹುಡಿ ಮಾತ್ರ, ಚೂರುಗಳಿಲ್ಲ.

ಕಾರ್ಬೊರೇಟರ್ ಮತ್ತು ರಸ್ತೆ

ಮೊದಲ ಓಟದಲ್ಲಿ 3,000 ದಾಟಿದರೆ ಮುಗ್ಗರಿಸುತ್ತಿತ್ತು. ಪ್ಲಗ್ ತೆಗೆದರೆ ಸುಣ್ಣದ ಬಿಳಿ. ಗಾಳಿ ಹೆಚ್ಚು ಒಳಗೆ ಹೋಗುತ್ತಿದೆ, ಪೆಟ್ರೋಲ್ ಸಾಲುತ್ತಿಲ್ಲ. ಈಗ ಪಂಪಿನಲ್ಲಿ ಸಿಗುವ ಶೇ. 20 ಎಥನಾಲ್ ಬೆರೆತ ಪೆಟ್ರೋಲಿಗೆ ಮೊದಲೇ ಸ್ವಲ್ಪ ದೊಡ್ಡ ಜೆಟ್ (ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಹರಿಯುವ ತೂತು) ಬೇಕು. ಎರಡೂ ಬ್ಯಾರೆಲ್ಲುಗಳ ಮೇನ್ ಜೆಟ್ ಒಂದೊಂದು ಅಳತೆ ಏರಿಸಿದ ಮೇಲೆ ಪ್ಲಗ್ ಕಂದು ಬಣ್ಣಕ್ಕೆ ಬಂತು. ಹಳೆಯ ರಬ್ಬರ್ ಪೆಟ್ರೋಲ್ ಪೈಪುಗಳನ್ನು ಇದೇ ಸಂದರ್ಭದಲ್ಲಿ ಬದಲಿಸಿದೆ, ಎಥನಾಲಿಗೆ ಅವು ಒಳಗಿನಿಂದ ಮೆತ್ತಗಾಗಿದ್ದವು.

ಐಡ್ಲಿಂಗ್ 850ರಿಂದ 950ಕ್ಕೆ ಏರಿಸಬೇಕಾಯಿತು. ವ್ಯಾಕ್ಯೂಮ್ ಗೇಜಿನಲ್ಲಿ ಹಿಂದೆ 18 ಇಂಚು ಇದ್ದದ್ದು ಈಗ 16. ಬ್ರೇಕ್ ಬೂಸ್ಟರಿಗೆ ಧಾರಾಳ. ರ‍್ಯಾಲಿ ಪ್ರೊಫೈಲ್ ಒಪ್ಪಿದ್ದರೆ ಈ ಅಂಕಿ ಎಲ್ಲಿಗೆ ಇಳಿಯುತ್ತಿತ್ತೋ.

ಎಂಜಿನ್ನಿನ ಶಕ್ತಿ ಅಳೆಯುವ ಡೈನೋ ಇಲ್ಲ, ಸ್ಟಾಪ್ ವಾಚ್ ಇದೆ. ಬೆಳಗಿನ ಹೊತ್ತು ಖಾಲಿ ಹೆದ್ದಾರಿಯಲ್ಲಿ, ನಾಲ್ಕನೇ ಗೇರಿನಲ್ಲಿ 40ರಿಂದ 80 ಕಿ.ಮೀ. ತಲುಪಲು ಮೊದಲು 11.5 ಸೆಕೆಂಡ್ ಬೇಕಿತ್ತು, ಈಗ 10.2. ಮೂಲ ಸವೆದ ಲೋಬೇ ಅದರಲ್ಲಿ ಒಂದು ಪಾಲು ತಿಂದಿತ್ತು ಎನ್ನುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅಡ್ಕಸ್ಥಳದ ಕಡೆಯ ಏರಿನಲ್ಲಿ, ನಾಲ್ವರು ಕುಳಿತಿದ್ದರೂ, ಮೂರನೇ ಗೇರಿನಿಂದ ಎರಡಕ್ಕೆ ಇಳಿಸುವ ಜಾಗದಲ್ಲಿ ಈಗ ಇಳಿಸುತ್ತಿಲ್ಲ. ಪೆಟ್ರೋಲ್ ಲೀಟರಿಗೆ ಅರ್ಧ ಕಿಲೋಮೀಟರ್ ಕಡಿಮೆ ಓಡುತ್ತದೆ.

ಖರ್ಚು: ಕ್ಯಾಮ್ ಗ್ರೈಂಡಿಂಗ್, ವೆಲ್ಡ್, ಲೇಪನ ಸೇರಿ ₹7,200. ರಾಕರ್ ಪ್ಯಾಡ್ ಒಂದಕ್ಕೆ 300ರಂತೆ ₹2,400. ಸೀಲ್, ಗ್ಯಾಸ್ಕೆಟ್ ₹1,450. ಎರಡು ಸಲದ ಎಣ್ಣೆ, ಫಿಲ್ಟರ್ ₹3,900. ಜೆಟ್, ಪೆಟ್ರೋಲ್ ಪೈಪು ₹1,300. ಒಟ್ಟು ₹16,250. ರೈಲು, ಪಾರ್ಸೆಲ್ ಬೇರೆ. ಡೋವೆಲ್ ಪಿನ್ನಿಗೆ ಭಾವ ಹಣ ತೆಗೆದುಕೊಳ್ಳಲಿಲ್ಲ, ಒಂದು ಗೊನೆ ಕದಳಿ ಬಾಳೆಹಣ್ಣು ಒಪ್ಪಿಕೊಂಡ.

ಹೊಗೆ ತಪಾಸಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ. 2.2, ಹೈಡ್ರೋಕಾರ್ಬನ್ 710. ಐಡ್ಲಿಂಗ್ ಮಿಕ್ಸ್ಚರ್ ಸ್ಕ್ರೂ ಕಾಲು ಸುತ್ತು ಒಳಗೆ ತಿರುಗಿಸಿದ ಮೇಲಿನ ಓದು ಇದು. ಅದಕ್ಕೆ ಮೊದಲು ಮಾನಾಕ್ಸೈಡ್ 3.4 ತೋರಿಸಿ ಯಂತ್ರ ಫೇಲ್ ಮಾಡಿತ್ತು.

ಉಳಿದಿರುವುದು ಎರಡು: ಸಾವಿರ ಕಿ.ಮೀ. ಆದ ಮೇಲೆ ಟ್ಯಾಪೆಟ್ ಮತ್ತೆ ನೋಡಬೇಕು, ಟೈಮಿಂಗ್ ಚೈನ್ ಹೊಸದು ಹಾಕಬೇಕು. ಹೊಸ ಚೈನ್ ಬಂದರೆ ಕ್ಯಾಮ್ ಮುಂದೆ ಸರಿಯುತ್ತದೆ, ಆಗ ಈ 0.8ರ ಪಿನ್ ಹೆಚ್ಚಾದೀತು. ಡಿಗ್ರಿ ಮುಚ್ಚಳವನ್ನು ಎಸೆದಿಲ್ಲ.